ಸಂಬಳ ಸಲ್ಲುತ್ತಿದ್ದರೂ ಸೊರಗುವ ಸೇನೆ

ಶ್ರೀರಂಗಪಟ್ಟಣದ ಕೋಟೆ ನೋಡಲು ಬಂದವರ ಕಿವಿಗೆ ಮೊದಲು ಬೀಳುವುದು ದ್ರೋಹದ ಕಥೆ. 1799ರ ಮೇ 4ರಂದು ಕೋಟೆ ಬಿದ್ದದ್ದು ಮೀರ್ ಸಾದಿಕನ ಮೋಸದಿಂದ ಎಂಬ ಮಾತು ಮೈಸೂರು, ಮಂಡ್ಯ ಸೀಮೆಯ ಮನೆಮನೆಯಲ್ಲೂ ಉಳಿದುಕೊಂಡಿದೆ. ಆ ಮಾತಿನಲ್ಲಿ ಎಷ್ಟು ನಿಜವಿದೆ ಎಂಬ ಚರ್ಚೆ ಬೇರೆ. ಅದಕ್ಕೂ ಏಳು ವರ್ಷ ಮೊದಲು, 1792ರ ಮಾರ್ಚಿನಲ್ಲಿ, ಇದೇ ಊರಿನಲ್ಲಿ ಆದ ಒಪ್ಪಂದದ ಲೆಕ್ಕವನ್ನು ಮಾತ್ರ ಅಷ್ಟು ಆಸಕ್ತಿಯಿಂದ ಯಾರೂ ಹೇಳುವುದಿಲ್ಲ. ಮೂರನೆಯ ಮೈಸೂರು ಯುದ್ಧ ಮುಗಿದಾಗ ಟಿಪ್ಪು ಸುಲ್ತಾನ್ ತನ್ನ ರಾಜ್ಯದ ಅರ್ಧದಷ್ಟನ್ನು ಈಸ್ಟ್ ಇಂಡಿಯಾ ಕಂಪನಿ, ಮರಾಠರು ಮತ್ತು ನಿಜಾಮನಿಗೆ ಬಿಟ್ಟುಕೊಟ್ಟು, ಮೇಲೆ 3 ಕೋಟಿ 30 ಲಕ್ಷ ರೂಪಾಯಿ ದಂಡ ತೆರಬೇಕಾಯಿತು. ಆ ಹಣ ಸಂದಾಯವಾಗುವ ತನಕ ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಳುಗಳಾಗಿ ಕಂಪನಿಯ ವಶಕ್ಕೆ ಒಪ್ಪಿಸಬೇಕಾಯಿತು. ಮಲಬಾರಿನ ಮೆಣಸಿನ ವ್ಯಾಪಾರ, ಬಾರಾಮಹಲಿನ ಕಂದಾಯ, ದಿಂಡಿಗಲ್ಲು, ಕೊಡಗು ಎಲ್ಲವೂ ಒಂದೇ ಏಟಿಗೆ ಕೈಬಿಟ್ಟವು. ಕುದುರೆಗೆ ಹುರುಳಿ, ಸಿಪಾಯಿಗೆ ಸಂಬಳ, ಫಿರಂಗಿಗೆ ಮದ್ದು ಒದಗುತ್ತಿದ್ದದ್ದು ಆ ಕಂದಾಯದಿಂದಲೇ. 1799ರ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಜನರಲ್ ಹ್ಯಾರಿಸ್‌ನ ಸೈನ್ಯಕ್ಕೆ ಎದುರಾದ ಮೈಸೂರು ಪಡೆಯಲ್ಲಿ, 1780ರಲ್ಲಿ ಪೊಲ್ಲಿಲೂರಿನಲ್ಲಿ ಕಂಪನಿಯ ತುಕಡಿಯನ್ನು ನೆಲಕಚ್ಚಿಸಿದ ಪಡೆಯ ಕಸುವು ಉಳಿದಿರಲಿಲ್ಲ. ಸೋಲಿಗೆ ಕಾರಣ ಹುಡುಕುವವರು ದ್ರೋಹಿಯ ಹೆಸರನ್ನು ಹುಡುಕುವಷ್ಟೇ ಶ್ರದ್ಧೆಯಿಂದ ಲೆಕ್ಕದ ಪುಸ್ತಕವನ್ನೂ ತಿರುವಿ ನೋಡಬೇಕು ಎಂಬುದು ನನ್ನ ನಂಬಿಕೆ.

ಟಿಪ್ಪುವಿನ ಆದಾಯವನ್ನು ಕಿತ್ತುಕೊಂಡವರು ಶತ್ರುಗಳು. ನಮ್ಮ ಕಾಲದಲ್ಲಿ ಯಾವ ದೊಡ್ಡ ಯುದ್ಧವನ್ನೂ ಸೋಲದೆ, ಯಾರಿಗೂ ದಂಡ ತೆರದೆ, ತನ್ನದೇ ಬಜೆಟ್ಟಿನ ಮೂಲಕ ಸೇನೆಯನ್ನು ಮೂವತ್ತು ವರ್ಷಗಳಲ್ಲಿ ಸೊರಗಿಸಿಕೊಂಡ ದೇಶವೊಂದಿದೆ. ಅದು ದಕ್ಷಿಣ ಆಫ್ರಿಕಾ. ಅಲ್ಲಿ ನಡೆದದ್ದನ್ನು ಬಿಡಿಸಿ ನೋಡಿದರೆ, ಹಣವಿಲ್ಲದ ಸೇನೆ ಯಾವ ಕ್ರಮದಲ್ಲಿ ಕೆಡುತ್ತದೆ, ಹೊರಗಿನವರಿಗೆ ಅದು ಏಕೆ ಕಾಣುವುದಿಲ್ಲ ಮತ್ತು ಕಂಡ ಮೇಲೆ ಏಕೆ ಬೇಗ ಸರಿಯಾಗುವುದಿಲ್ಲ ಎಂಬ ಮೂರೂ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ.

ಮೊದಲು ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಿಳಿಯಬೇಕು. ಯಾವುದೇ ದೇಶದ ರಕ್ಷಣಾ ವೆಚ್ಚ ಮುಖ್ಯವಾಗಿ ಮೂರು ಬಾಬ್ತುಗಳಿಗೆ ಹಂಚಿಹೋಗುತ್ತದೆ. ಒಂದು, ಸಂಬಳ, ಭತ್ಯೆ, ಪಿಂಚಣಿ. ಇನ್ನೊಂದು, ದಿನನಿತ್ಯ ಸೇನೆಯನ್ನು ನಡೆಸುವ ಖರ್ಚು, ಅಂದರೆ ಡೀಸೆಲ್, ಬಿಡಿಭಾಗ, ಮದ್ದುಗುಂಡು, ದುರಸ್ತಿ, ಸಮರಾಭ್ಯಾಸ. ಮತ್ತೊಂದು, ವಿಮಾನ, ಹಡಗು, ಟ್ಯಾಂಕುಗಳಂತಹ ಹೊಸ ಸಾಮಗ್ರಿಯ ಖರೀದಿ. ಸರ್ಕಾರ ಒಟ್ಟು ಮೊತ್ತವನ್ನು ಕಡಿತ ಮಾಡಿದಾಗ ಈ ಮೂರೂ ಒಂದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಸಂಬಳಕ್ಕೆ ಕೈಹಾಕುವುದು ಕಷ್ಟ. ಕಾನೂನು ಅಡ್ಡ ಬರುತ್ತದೆ, ಯೂನಿಯನ್ನು ಇದ್ದ ಕಡೆ ಅದು ಅಡ್ಡ ಬರುತ್ತದೆ, ಬಂದೂಕು ಹಿಡಿದವರಿಗೆ ಸಂಬಳ ತಪ್ಪಿಸುವ ಧೈರ್ಯ ಯಾವ ಮಂತ್ರಿಗೂ ಇರುವುದಿಲ್ಲ. ಹೊಸ ಖರೀದಿಯನ್ನು ಮುಂದಿನ ವರ್ಷಕ್ಕೆ, ಅದರ ಮುಂದಿನ ವರ್ಷಕ್ಕೆ ಎಂದು ತಳ್ಳುತ್ತಾ ಹೋಗಬಹುದು. ತಕ್ಷಣ ಕತ್ತರಿ ಆಡಿಸಲು ಕೈಗೆ ಸಿಗುವುದು ನಡುವಿನ ಬಾಬ್ತು. ಈ ವರ್ಷ ಗುಂಡು ಹಾರಿಸುವ ತಾಲೀಮನ್ನು ಅರ್ಧಕ್ಕೆ ಇಳಿಸಿದರೆ, ಎಂಜಿನ್ ಓವರ್‌ಹಾಲನ್ನು ಆರು ತಿಂಗಳು ಮುಂದೂಡಿದರೆ ಯಾರೂ ಬೀದಿಗಿಳಿಯುವುದಿಲ್ಲ, ಪತ್ರಿಕೆಯಲ್ಲಿ ಒಂದು ಸಾಲೂ ಬರುವುದಿಲ್ಲ. ಆದ್ದರಿಂದಲೇ ಪ್ರತಿ ವರ್ಷದ ಕಡಿತವೂ ಅಲ್ಲಿಯೇ ಬಂದು ಬೀಳುತ್ತದೆ.

ಮಂಡ್ಯದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. 1933ರಲ್ಲಿ ಶುರುವಾದ ನಮ್ಮ ಮೈಷುಗರ್ ಕಾರ್ಖಾನೆ ಹಲವು ಹಂಗಾಮುಗಳು ಕಬ್ಬು ಅರೆಯದೆ ನಿಂತು, 2022ರಲ್ಲಿ ಮತ್ತೆ ಹೊಗೆ ಕಂಡಿತು. ನಿಂತಿದ್ದ ಕಾಲದಲ್ಲೂ ಚಿಮಣಿ ಇತ್ತು, ಗೇಟಿತ್ತು, ಬೋರ್ಡಿತ್ತು, ಕಡತದಲ್ಲಿ ದಿನಕ್ಕೆ ಇಷ್ಟು ಟನ್ ಅರೆಯುವ ಸಾಮರ್ಥ್ಯವೂ ಇತ್ತು. ಹಂಗಾಮು ಮುಗಿದ ಮೇಲೆ ರೋಲರ್ ಬಿಚ್ಚಿ, ಬಾಯ್ಲರಿನ ಕೊಳವೆ ಬದಲಿಸಿ, ಟರ್ಬೈನ್ ತೊಳೆದು ಇಡುವ ಕೆಲಸಕ್ಕೆ ಹಣವಿಲ್ಲದಿದ್ದರೆ ಕಡತದ ಸಾಮರ್ಥ್ಯದಿಂದ ಒಂದು ಜಲ್ಲೆಯೂ ಅರೆಯುವುದಿಲ್ಲ ಎಂಬುದು ಗದ್ದೆಯಲ್ಲಿ ಕಬ್ಬು ಒಣಗಿಸಿಕೊಂಡ ರೈತನಿಗೆ ಚೆನ್ನಾಗಿ ಗೊತ್ತು. ಸೇನೆಯ ವಿಷಯದಲ್ಲಿ ವ್ಯತ್ಯಾಸವೆಂದರೆ ಅದಕ್ಕೆ ವರ್ಷವರ್ಷವೂ ಹಂಗಾಮು ಬರುವುದಿಲ್ಲ. ಹತ್ತು ವರ್ಷಕ್ಕೋ ಇಪ್ಪತ್ತು ವರ್ಷಕ್ಕೋ ಒಮ್ಮೆ ಬರುತ್ತದೆ, ಅಲ್ಲಿಯವರೆಗೂ ಒಳಗಿನ ತುಕ್ಕು ಒಳಗೇ ಇರುತ್ತದೆ.

ಈಗ ದಕ್ಷಿಣ ಆಫ್ರಿಕಾಕ್ಕೆ ಬರೋಣ. 1980ರ ದಶಕದ ಕೊನೆಯಲ್ಲಿ, ವರ್ಣಭೇದದ ಸರ್ಕಾರ ಅಂಗೋಲಾ ಮತ್ತು ನಮೀಬಿಯಾದಲ್ಲಿ ಯುದ್ಧ ನಡೆಸುತ್ತಿದ್ದಾಗ, ಆ ದೇಶ ತನ್ನ ಜಿಡಿಪಿಯ ಶೇ. 4ಕ್ಕೂ ಹೆಚ್ಚನ್ನು ಸೇನೆಗೆ ಸುರಿಯುತ್ತಿತ್ತು. 1994ರಲ್ಲಿ ನೆಲ್ಸನ್ ಮಂಡೇಲಾ ಅಧಿಕಾರಕ್ಕೆ ಬಂದಾಗ ಕೋಟ್ಯಂತರ ಕರಿಯ ಜನರಿಗೆ ಮನೆಯಿರಲಿಲ್ಲ, ನಲ್ಲಿ ನೀರಿರಲಿಲ್ಲ, ವಿದ್ಯುತ್ ಇರಲಿಲ್ಲ. ಅದೇ ಸೇನೆ ನಿನ್ನೆಯವರೆಗೂ ಅವರ ಬಡಾವಣೆಗಳಿಗೆ ನುಗ್ಗಿ ಅವರನ್ನೇ ತುಳಿದ ಸೇನೆಯಾಗಿತ್ತು. ನೆರೆಯಲ್ಲಿ ಯಾವ ಶತ್ರುವೂ ಉಳಿದಿರಲಿಲ್ಲ. ಅಂತಹ ಹೊತ್ತಿನಲ್ಲಿ ರಕ್ಷಣಾ ವೆಚ್ಚವನ್ನು ತಗ್ಗಿಸಿದ್ದು ತಪ್ಪೆಂದು ನಾನು ಹೇಳಲಾರೆ. ಹಸಿದವನ ತಟ್ಟೆಗೆ ಅನ್ನ ಹಾಕಬೇಕಾದ ಸರ್ಕಾರ ಟ್ಯಾಂಕು ಕೊಳ್ಳದಿರುವುದು ನ್ಯಾಯವೇ. ತೊಡಕು ಶುರುವಾದದ್ದು ಎಷ್ಟು ಕಡಿತ ಮಾಡಬೇಕು ಎಂಬಲ್ಲಿ ಅಲ್ಲ, ಕಡಿತ ಮಾಡಿದ ಹಣಕ್ಕೆ ತಕ್ಕ ಸೇನೆ ಯಾವುದು ಎಂದು ಯಾರೂ ಕೂತು ನಿರ್ಧರಿಸದೆ ಹೋದದ್ದರಲ್ಲಿ.

ಆ ವರ್ಷದ ಏಪ್ರಿಲ್ 27ರಂದು ಹುಟ್ಟಿದ ಹೊಸ ರಾಷ್ಟ್ರೀಯ ಸೇನೆ ಏಳು ಪಡೆಗಳನ್ನು ಒಟ್ಟುಗೂಡಿಸಿ ಕಟ್ಟಿದ್ದು. ಹಳೆಯ ಸರ್ಕಾರಿ ಸೇನೆ, ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಸಶಸ್ತ್ರ ಪಡೆ, ಪ್ಯಾನ್ ಆಫ್ರಿಕನಿಸ್ಟ್ ಪಡೆ, ಜೊತೆಗೆ ಟ್ರಾನ್ಸ್‌ಕೈ, ಬೊಫುಥಾಟ್ಸ್ವಾನಾ, ವೆಂಡಾ, ಸಿಸ್ಕೈ ಎಂಬ ನಾಲ್ಕು ನಾಮಮಾತ್ರದ ಸ್ವತಂತ್ರ ಪ್ರಾಂತ್ಯಗಳ ಪಡೆಗಳು. ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದ್ದವರು ಒಂದೇ ಸಮವಸ್ತ್ರ ತೊಟ್ಟು ಒಂದೇ ಮೆಸ್ಸಿನಲ್ಲಿ ಊಟಕ್ಕೆ ಕೂತದ್ದು ಆ ದೇಶದ ದೊಡ್ಡ ಸಾಧನೆ, ಅದನ್ನು ಮರೆಯಬಾರದು. ಆದರೆ ಅಷ್ಟು ಜನರನ್ನು ಒಳಗೆ ಕರೆದುಕೊಂಡ ಮೇಲೆ ಹೊರಗೆ ಕಳುಹಿಸುವುದು ಸುಲಭವಾಗಲಿಲ್ಲ. ಕೆಲಸವಿಲ್ಲದವರ ಪ್ರಮಾಣ ಶೇ. 30 ಮೀರುವ ದೇಶದಲ್ಲಿ ಸೇನೆಯ ನೌಕರಿ ಒಂದು ಕುಟುಂಬದ ಏಕೈಕ ಆಧಾರವಾಗಿರುತ್ತದೆ. ಜನ ಉಳಿದರು, ವಯಸ್ಸಾಯಿತು, ಬಡ್ತಿ ಪಡೆದು ಮೇಲಿನ ದರ್ಜೆಗಳು ತುಂಬಿದವು, ಕೆಳಗೆ ಓಡಬಲ್ಲ ಕಾಲುಗಳು ಕಡಿಮೆಯಾದವು. ಸಂಬಳಕ್ಕೆ ಶೇ. 40, ನಿರ್ವಹಣೆಗೆ ಶೇ. 30, ಖರೀದಿಗೆ ಶೇ. 30 ಎಂಬುದು ಅಲ್ಲಿನ ತಜ್ಞರು ಒಪ್ಪಿದ ಹಂಚಿಕೆ. ನಿಜದಲ್ಲಿ ಸಂಬಳದ ಪಾಲೇ ಶೇ. 60 ದಾಟಿದೆ, ಅತ್ತ ಒಟ್ಟು ರಕ್ಷಣಾ ವೆಚ್ಚ ಜಿಡಿಪಿಯ ಶೇ. 1ಕ್ಕಿಂತಲೂ ಕೆಳಗಿಳಿದಿದೆ. ಸುಮಾರು 70,000 ಜನರ ಸೇನೆ ಪಟ್ಟಿಯಲ್ಲಿದೆ. ಅವರಿಗೆ ಓಡಿಸಲು, ಹಾರಿಸಲು, ಹಾರಲು ಕೊಡಬೇಕಾದ ಸಾಮಗ್ರಿಗೆ ಉಳಿಯುವ ಹಣ ಚಿಲ್ಲರೆ.

ಇದರ ನಡುವೆ 1999ರಲ್ಲಿ ಅದೇ ಸರ್ಕಾರ ಭಾರಿ ಶಸ್ತ್ರಖರೀದಿಗೆ ಸಹಿ ಹಾಕಿತು. ಸ್ವೀಡನ್ನಿನ ಗ್ರಿಪೆನ್ ಯುದ್ಧವಿಮಾನಗಳು, ಬ್ರಿಟನ್ನಿನ 24 ಹಾಕ್ ತರಬೇತಿ ವಿಮಾನಗಳು, ಜರ್ಮನಿಯಿಂದ ನಾಲ್ಕು ಫ್ರಿಗೇಟ್ ಹಡಗುಗಳು ಮತ್ತು ಮೂರು ಜಲಾಂತರ್ಗಾಮಿಗಳು, ಇಟಲಿಯ 30 ಲಘು ಹೆಲಿಕಾಪ್ಟರುಗಳು, ಒಟ್ಟು ಸುಮಾರು 3,000 ಕೋಟಿ ರ‍್ಯಾಂಡಿನ ವ್ಯವಹಾರ. ಅದರ ಸುತ್ತ ಎದ್ದ ಲಂಚದ ಆರೋಪಗಳು ಆ ದೇಶದ ರಾಜಕೀಯವನ್ನು ಎರಡು ದಶಕ ಕಾಲ ಕಲಕಿದವು. ಮುಂದೆ ಅಧ್ಯಕ್ಷರಾದ ಜೇಕಬ್ ಜುಮಾ ಅವರ ಮೇಲಿನ ಮೊಕದ್ದಮೆ ಅದರಿಂದಲೇ ಹುಟ್ಟಿದ್ದು. ಲಂಚದ ಮಾತು ಎಷ್ಟು ಸದ್ದು ಮಾಡಿತೆಂದರೆ ಅದಕ್ಕಿಂತ ಸರಳವಾದ, ಅಷ್ಟೇ ಗಂಭೀರವಾದ ಪ್ರಶ್ನೆ ಮರೆಗೆ ಸರಿಯಿತು. ಕೊಂಡ ವಿಮಾನವನ್ನು ಮೂವತ್ತು ವರ್ಷ ಹಾರಿಸಲು ಹಣ ಎಲ್ಲಿಂದ ಬರುತ್ತದೆ ಎಂಬುದೇ ಆ ಪ್ರಶ್ನೆ. ಯುದ್ಧವಿಮಾನವೊಂದನ್ನು ಕೊಳ್ಳುವ ಬೆಲೆಗಿಂತ ಅದರ ಆಯುಷ್ಯದುದ್ದಕ್ಕೂ ಅದನ್ನು ಸಾಕುವ ಖರ್ಚು ಹೆಚ್ಚು. ಖರೀದಿಗೆ ವಿಶೇಷ ಹಣ ಒದಗಿಸಿದ ಸರ್ಕಾರ ಸಾಕುವ ಖರ್ಚನ್ನು ವರ್ಷವರ್ಷವೂ ಸೊರಗುತ್ತಿದ್ದ ಅದೇ ನಡುವಿನ ಬಾಬ್ತಿಗೆ ಬಿಟ್ಟಿತು.

ಗ್ರಿಪೆನ್‌ಗಳ ಗತಿ ನೋಡಿ. 2008ರಿಂದ 2012ರ ನಡುವೆ 26 ವಿಮಾನಗಳು ಬಂದವು. ಅವು ಸಂಪೂರ್ಣವಾಗಿ ಬಂದು ಸೇರಿದ ಮರುವರ್ಷವೇ, 2013ರಲ್ಲಿ, 12 ವಿಮಾನಗಳನ್ನು ದೀರ್ಘಾವಧಿ ಸಂಗ್ರಹದಲ್ಲಿ ಇಟ್ಟಿರುವುದಾಗಿ ರಕ್ಷಣಾ ಸಚಿವರು ಸಂಸತ್ತಿಗೆ ತಿಳಿಸಿದರು. ಹಾರದಿದ್ದರೆ ಸವೆಯುವುದಿಲ್ಲ, ಹಾಗಾಗಿ ಇಟ್ಟರೆ ಒಳ್ಳೆಯದೇ ಎಂದು ಕೇಳಿದವರಿಗೆ ಅನ್ನಿಸಬಹುದು. ವಿಮಾನದ ವಿಷಯದಲ್ಲಿ ಅದು ಹಾಗಲ್ಲ. ಅದರ ಬಹಳಷ್ಟು ಭಾಗಗಳ ಆಯುಷ್ಯವನ್ನು ಹಾರಿದ ಗಂಟೆಯ ಜೊತೆಗೆ ಕ್ಯಾಲೆಂಡರಿನಿಂದಲೂ ಎಣಿಸುತ್ತಾರೆ. ಹೈಡ್ರಾಲಿಕ್ ಎಣ್ಣೆ ಹರಿಯುವ ಕೊಳವೆಗಳ ರಬ್ಬರು ನಿಂತಲ್ಲೇ ಒಣಗಿ ಬಿರಿಯುತ್ತದೆ. ಅಪಾಯದ ಹೊತ್ತಿನಲ್ಲಿ ಪೈಲಟ್ಟನ್ನು ಆಸನಸಮೇತ ಹೊರಗೆಸೆಯುವ ಸಣ್ಣ ಸ್ಫೋಟಕಗಳಿಗೆ ಅವಧಿ ಮೀರುವ ದಿನಾಂಕವಿರುತ್ತದೆ. ಆ ದಿನ ಕಳೆದ ಮೇಲೆ ಹೊಸದು ಹಾಕದೆ ವಿಮಾನವನ್ನು ನೆಲದಿಂದ ಎತ್ತುವಂತಿಲ್ಲ. ಹೊಸದಕ್ಕೆ ಹಣವಿಲ್ಲದಾಗ ಪಕ್ಕದ ವಿಮಾನದಿಂದ ಕಿತ್ತು ಇದಕ್ಕೆ ಹಾಕುತ್ತಾರೆ. ಆ ದಿನದ ಮಟ್ಟಿಗೆ ಒಂದು ವಿಮಾನ ಹಾರುತ್ತದೆ, ಇನ್ನೊಂದು ಬಿಡಿಭಾಗಗಳ ಗೋದಾಮಾಗುತ್ತದೆ, ಪಟ್ಟಿಯಲ್ಲಿ ಮಾತ್ರ ಎರಡೂ ವಿಮಾನಗಳೇ. 2021ರ ಸೆಪ್ಟೆಂಬರಿನಿಂದ ತಯಾರಕ ಕಂಪನಿಯೊಂದಿಗಿನ ನಿರ್ವಹಣಾ ಕರಾರು ಮುಗಿದುಹೋಗಿ, ಹೊಸ ಕರಾರಿಗೆ ಹಣ ಹೊಂದಿಸಲಾಗದೆ, ಸುಮಾರು ಒಂದು ವರ್ಷ ಕಾಲ ಇಡೀ ಗ್ರಿಪೆನ್ ಪಡೆಯೇ ನೆಲ ಹಿಡಿಯಿತು.

ವಿಮಾನ ನಿಂತರೆ ಪೈಲಟ್ಟೂ ನಿಲ್ಲುತ್ತಾನೆ. ನ್ಯಾಟೊ ದೇಶಗಳು ಯುದ್ಧ ಪೈಲಟ್ಟಿಗೆ ವರ್ಷಕ್ಕೆ ಸುಮಾರು 180 ಗಂಟೆಯ ಹಾರಾಟ ಬೇಕೆಂದು ಲೆಕ್ಕ ಹಾಕುತ್ತವೆ. ಅಷ್ಟು ಹಾರದವನ ಕೈ ಪಳಗುವುದಿಲ್ಲ, ಪಳಗಿದ ಕೈಯೂ ಮರೆಯುತ್ತದೆ. ಹೊಸಬರಿಗೆ ಕಲಿಸಬೇಕಾದವನೇ ಹಾರದೆ ಕುಳಿತಾಗ ಮುಂದಿನ ತಲೆಮಾರು ತಯಾರಾಗುವುದಿಲ್ಲ. ಬೇಸತ್ತವರು ನಾಗರಿಕ ವಿಮಾನ ಕಂಪನಿಗಳಿಗೆ ಹೋಗುತ್ತಾರೆ. ವಿಮಾನದ ಕೆಳಗೆ ಮಲಗಿ ಸ್ಪ್ಯಾನರ್ ಹಿಡಿಯುವ ಮೆಕ್ಯಾನಿಕ್ಕಿನ ಕಥೆಯೂ ಇದೇ. ನನ್ನ ದೃಷ್ಟಿಯಲ್ಲಿ ಹಣದ ಕೊರತೆ ಮಾಡುವ ಅತ್ಯಂತ ದೊಡ್ಡ ಹಾನಿ ಇದು. ಕಬ್ಬಿಣವನ್ನು ಮತ್ತೆ ಕೊಳ್ಳಬಹುದು, ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ದಾಟುತ್ತಾ ಬಂದ ಕಸುಬು ನಡುವೆ ಕಡಿದುಹೋದರೆ ಅದನ್ನು ಮಾರುವ ಅಂಗಡಿ ಎಲ್ಲಿಯೂ ಇಲ್ಲ.

ನೌಕಾಪಡೆಯದೂ ಅದೇ ಪಾಡು. ನಾಲ್ಕು ಫ್ರಿಗೇಟುಗಳು, ಮೂರು ಜಲಾಂತರ್ಗಾಮಿಗಳಲ್ಲಿ ಯಾವುದೇ ಹೊತ್ತಿನಲ್ಲಿ ಕಡಲಿಗಿಳಿಯುವ ಸ್ಥಿತಿಯಲ್ಲಿರುವುದು ಒಂದೆರಡು ಮಾತ್ರ. ಉಳಿದವು ಸೈಮನ್ಸ್ ಟೌನಿನ ಹಡಗುಕಟ್ಟೆಯಲ್ಲಿ ದುರಸ್ತಿಗಾಗಿ ಸರದಿಯಲ್ಲಿವೆ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಯೆಮನಿನ ಹೂತಿ ಬಂಡುಕೋರರ ದಾಳಿಗೆ ಹೆದರಿ ಜಗತ್ತಿನ ಸರಕು ಹಡಗುಗಳು ಆಫ್ರಿಕಾದ ದಕ್ಷಿಣದ ಕೇಪ್ ಭೂಶಿರ ಸುತ್ತಿ ಹೋಗಲು ಶುರುಮಾಡಿದಾಗ, ಆ ಕಡಲ ದಾರಿಯ ಮನೆಯೊಡೆಯನ ಬಳಿ ಕಾವಲಿಗೆ ಕಳುಹಿಸಲು ಹಡಗುಗಳಿರಲಿಲ್ಲ.

ಭೂಸೇನೆಯ ರಾಟೆಲ್ ಎಂಬ ಶಸ್ತ್ರಸಜ್ಜಿತ ವಾಹನ 1970ರ ದಶಕದ ಮಧ್ಯಭಾಗದ್ದು. ಅದರ ಜಾಗಕ್ಕೆ ಬ್ಯಾಜರ್ ಎಂಬ ಹೊಸ ವಾಹನ ತರಲು 2007ರಲ್ಲಿ ಸರ್ಕಾರಿ ಸ್ವಾಮ್ಯದ ಡೆನೆಲ್ ಕಂಪನಿಯೊಂದಿಗೆ ಕರಾರಾಯಿತು. ಹದಿನೈದು ವರ್ಷ ಕಳೆದರೂ ಅದು ಸೇನೆಯ ಕೈಸೇರಲಿಲ್ಲ. ಈ ಡೆನೆಲ್ ಸಾಮಾನ್ಯ ಕಂಪನಿಯಲ್ಲ. ಅದರ ಜಿ5 ಮತ್ತು ಜಿ6 ಫಿರಂಗಿಗಳು, ರೂಯಿವಾಲ್ಕ್ ದಾಳಿ ಹೆಲಿಕಾಪ್ಟರ್ ಒಂದು ಕಾಲಕ್ಕೆ ಜಗತ್ತಿನ ಗಮನ ಸೆಳೆದಿದ್ದವು. ತನ್ನ ಸೇನೆಯಿಂದಲೇ ಆರ್ಡರು ಕಡಿಮೆಯಾದಾಗ, ಅದರ ಜೊತೆಗೆ ಒಳಗಿನ ಭ್ರಷ್ಟಾಚಾರವೂ ಕೂಡಿಕೊಂಡಾಗ, 2020ರ ಹೊತ್ತಿಗೆ ಅದು ನೌಕರರಿಗೆ ಪೂರ್ತಿ ಸಂಬಳ ಕೊಡಲಾಗದ ಸ್ಥಿತಿಗೆ ಇಳಿಯಿತು. ಪಳಗಿದ ಎಂಜಿನಿಯರುಗಳು ಕೊಲ್ಲಿ ದೇಶಗಳ ಶಸ್ತ್ರ ಕಂಪನಿಗಳ ಕಡೆಗೆ ನಡೆದರು. ಸೇನೆಗೆ ಹಣ ಕೊಡದಿದ್ದರೆ ಸೇನೆ ಮಾತ್ರ ಬಡವಾಗುವುದಿಲ್ಲ, ಅದಕ್ಕೆ ಸಾಮಗ್ರಿ ಮಾಡಿಕೊಡುವ ಕಾರ್ಖಾನೆಯೂ ಅದರೊಂದಿಗೆ ಇಳಿಯುತ್ತದೆ. ಮುಂದೆ ಎಂದೋ ಹಣ ಬಂದರೂ ಬಿಡಿಭಾಗ ಮಾಡುವವರೇ ಇರುವುದಿಲ್ಲ. ಬೆಮೆಲ್ ಕಾರ್ಖಾನೆಯನ್ನು ಊರಿನಲ್ಲೇ ಇಟ್ಟುಕೊಂಡಿರುವ ಮೈಸೂರಿನವರಿಗೆ, ಆರ್ಡರು ನಿಂತ ಕಾರ್ಖಾನೆಯ ಸುತ್ತಲಿನ ಸಣ್ಣ ವರ್ಕ್‌ಶಾಪುಗಳ ಗತಿ ಏನಾಗಬಹುದೆಂದು ಊಹಿಸುವುದು ಕಷ್ಟವಲ್ಲ.

ಇಷ್ಟಾದರೂ ಸೇನೆಗೆ ಒಪ್ಪಿಸುವ ಕೆಲಸ ಕಡಿಮೆಯಾಗಲಿಲ್ಲ, ಬದಲಿಗೆ ಹೆಚ್ಚಾಯಿತು. ಬುರುಂಡಿ, ಡಾರ್ಫರ್, ಕಾಂಗೊ ಎಂದು ಖಂಡದ ಎಲ್ಲ ಕಡೆ ಶಾಂತಿಪಾಲನೆಗೆ ದಕ್ಷಿಣ ಆಫ್ರಿಕಾ ಮುಂದೆ ಬಂದಿತು. ಗಡಿಕಾವಲನ್ನು ಪೊಲೀಸರಿಂದ ಮತ್ತೆ ಸೇನೆಗೆ ವಹಿಸಲಾಯಿತು. 22 ಸೇನಾ ತುಕಡಿಗಳು ಬೇಕೆಂದು ಅಂದಾಜು ಮಾಡಿದ್ದ ಆ ಗಡಿಯಲ್ಲಿ 15 ಮಾತ್ರ ನಿಂತವು. 2021ರ ಜುಲೈ ಗಲಭೆಯಲ್ಲಿ 25,000 ಸೈನಿಕರನ್ನು ಬೀದಿಗಿಳಿಸಲು ಆದೇಶವಾಯಿತು. ಎಲ್ಲಿ ಸರ್ಕಾರದ ಬೇರೆ ಇಲಾಖೆ ಸೋತಿತೋ ಅಲ್ಲಿ ಸೇನೆಯನ್ನು ತೇಪೆಯಾಗಿ ಹಚ್ಚುವ ರೂಢಿ ಬೆಳೆಯಿತು.

ಇದರ ಬೆಲೆಯನ್ನು ಎರಡು ಬಾರಿ ಜೀವ ತೆತ್ತು ಕಟ್ಟಬೇಕಾಯಿತು. 2013ರ ಮಾರ್ಚಿನಲ್ಲಿ ಮಧ್ಯ ಆಫ್ರಿಕಾ ಗಣರಾಜ್ಯದ ರಾಜಧಾನಿ ಬಾಂಗಿಯಲ್ಲಿ ಇನ್ನೂರು ಚಿಲ್ಲರೆ ದಕ್ಷಿಣ ಆಫ್ರಿಕಾ ಸೈನಿಕರು ತಮಗಿಂತ ಎಷ್ಟೋ ಪಟ್ಟು ಹೆಚ್ಚಿದ್ದ ಬಂಡುಕೋರರನ್ನು ಎದುರಿಸಿದರು. ಅವರು ಧೈರ್ಯದಿಂದ ಹೋರಾಡಿದರು ಎಂಬುದರಲ್ಲಿ ಎರಡು ಮಾತಿಲ್ಲ. ಅವರ ಬೆನ್ನಿಗೆ ಯುದ್ಧವಿಮಾನ ಬರಲಿಲ್ಲ, ಭಾರದ ವಾಹನಗಳಿರಲಿಲ್ಲ, ಅವಸರಕ್ಕೆ ಅಷ್ಟು ದೂರ ಸೈನಿಕರನ್ನೂ ಸಾಮಗ್ರಿಯನ್ನೂ ಹೊತ್ತೊಯ್ಯಬಲ್ಲ ದೊಡ್ಡ ಸಾಗಣೆ ವಿಮಾನವೂ ದೇಶದ ಬಳಿ ಇರಲಿಲ್ಲ. ಎಂಟು ಎ400ಎಂ ಸಾಗಣೆ ವಿಮಾನಗಳಿಗೆ ಕೊಟ್ಟಿದ್ದ ಆರ್ಡರನ್ನು ಬೆಲೆ ಏರಿತೆಂದು 2009ರಲ್ಲಿ ರದ್ದು ಮಾಡಲಾಗಿತ್ತು. ಉಳಿದಿದ್ದದ್ದು 1963ರಲ್ಲಿ ಸೇರಿದ್ದ ಹಳೆಯ ಸಿ-130 ವಿಮಾನಗಳು. ಆ ಕಾಳಗದಲ್ಲಿ 13 ಸೈನಿಕರು ಸತ್ತರು.

ಹನ್ನೆರಡು ವರ್ಷಗಳ ಬಳಿಕ, 2025ರ ಜನವರಿಯಲ್ಲಿ, ಪೂರ್ವ ಕಾಂಗೊದ ಸಾಕೆ ಮತ್ತು ಗೋಮಾ ಪಟ್ಟಣಗಳಲ್ಲಿ ಅದೇ ಪಾಠ ಇನ್ನೂ ಕಠಿಣವಾಗಿ ಮರುಕಳಿಸಿತು. ರುವಾಂಡಾದ ಬೆಂಬಲ ಪಡೆದ ಎಂ23 ಬಂಡುಕೋರರ ಫಿರಂಗಿ ದಾಳಿಗೆ ಸಿಕ್ಕ ದಕ್ಷಿಣ ಆಫ್ರಿಕಾ ತುಕಡಿಗೆ ಆಕಾಶದಿಂದ ನೆರವು ಸಿಗಲಿಲ್ಲ. 14 ಸೈನಿಕರು ಮಡಿದರು. ಗೋಮಾ ಬಿದ್ದ ಮೇಲೆ ಉಳಿದವರು ತಮ್ಮ ಶಿಬಿರಗಳಲ್ಲೇ ತಿಂಗಳುಗಟ್ಟಲೆ ದಿಗ್ಬಂಧನದಲ್ಲಿ ಇರಬೇಕಾಯಿತು. ಮಾರ್ಚಿನಲ್ಲಿ, ಅವರನ್ನು ಕಳುಹಿಸಿದ್ದ ಆಫ್ರಿಕಾದ ದಕ್ಷಿಣ ಭಾಗದ ದೇಶಗಳ ಒಕ್ಕೂಟ ಆ ಕಾರ್ಯಾಚರಣೆಯನ್ನೇ ಮುಗಿಸಿತು. ಸೈನಿಕರು ರುವಾಂಡಾದ ನೆಲದ ಮೂಲಕ, ಅಂದರೆ ಎದುರಾಳಿಗೆ ಬೆಂಬಲವಾಗಿ ನಿಂತಿದ್ದ ದೇಶದ ರಸ್ತೆಯಲ್ಲಿ, ತಾಂಜಾನಿಯಾಕ್ಕೆ ದಾಟಿ ಮನೆ ಸೇರಿದರು. ಒಂದು ದೇಶದ ಸೇನೆಗೆ ಇದಕ್ಕಿಂತ ಹೆಚ್ಚಿನ ಅವಮಾನ ಬೇಕಿಲ್ಲ, ಮತ್ತು ಆ ಅವಮಾನದಲ್ಲಿ ಆ ಸೈನಿಕರ ತಪ್ಪು ಏನೂ ಇರಲಿಲ್ಲ.

ಬಡತನ, ಭ್ರಷ್ಟಾಚಾರ ಇರುವ ದೇಶಗಳಿಗೆ ಮಾತ್ರ ಈ ರೋಗ ಅಂಟುತ್ತದೆ ಎಂದು ತಿಳಿಯಬಾರದು. ಯುರೋಪಿನ ಅತಿದೊಡ್ಡ ಆರ್ಥಿಕತೆಯಾದ ಜರ್ಮನಿಯ ಸೈನಿಕರು 2014ರಲ್ಲಿ ನಾರ್ವೆಯಲ್ಲಿ ನಡೆದ ನ್ಯಾಟೊ ಸಮರಾಭ್ಯಾಸಕ್ಕೆ ಹೋದಾಗ, ತಮ್ಮ ಬಾಕ್ಸರ್ ವಾಹನಗಳ ಮೇಲೆ ಮೆಷಿನ್ ಗನ್ನಿನ ಜಾಗದಲ್ಲಿ ಕಪ್ಪು ಬಣ್ಣ ಬಳಿದ ಪೊರಕೆಯ ಕೋಲು ಕಟ್ಟಿದ್ದರು. 2017ರ ಅಕ್ಟೋಬರಿನಲ್ಲಿ ಅದರ ಆರೂ ಜಲಾಂತರ್ಗಾಮಿಗಳು ಒಟ್ಟಿಗೆ ಕೆಲಸಕ್ಕೆ ಬಾರದೆ ನಿಂತವು. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಬಿದ್ದ ದಿನ ಅಲ್ಲಿನ ಭೂಸೇನೆಯ ಮುಖ್ಯಸ್ಥ ಅಲ್ಫೋನ್ಸ್ ಮೈಸ್, ತಾನು ಮುನ್ನಡೆಸುತ್ತಿರುವ ಸೇನೆ ಹೆಚ್ಚುಕಡಿಮೆ ಬರಿಗೈಯಲ್ಲಿದೆ ಎಂದು ಬಹಿರಂಗವಾಗಿ ಬರೆದರು. ಮೂರೇ ದಿನದಲ್ಲಿ ಚಾನ್ಸಲರ್ ಓಲಾಫ್ ಶೋಲ್ಜ್ 10,000 ಕೋಟಿ ಯೂರೋಗಳ ವಿಶೇಷ ನಿಧಿ ಘೋಷಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ, ಆ ನಿಧಿ ಇದ್ದೂ, ಒಂದು ಅಭ್ಯಾಸದಲ್ಲಿ ಬಳಸಿದ 18 ಪೂಮಾ ಯುದ್ಧವಾಹನಗಳಲ್ಲಿ ಹದಿನೆಂಟೂ ಕೆಟ್ಟು ನಿಂತವು. ಖಜಾನೆಯಲ್ಲಿ ಹಣವಿರುವುದಕ್ಕೂ ಸೇನೆಯ ಕೈಯಲ್ಲಿ ಬಲವಿರುವುದಕ್ಕೂ ನಡುವೆ ವರ್ಷಗಳ ಅಂತರವಿದೆ. ಕಾರ್ಖಾನೆ ಹೊಸ ಲೈನು ಹಾಕಬೇಕು, ಅದಕ್ಕೆ ಜನ ಬೇಕು, ಜನಕ್ಕೆ ಕಸುಬು ಬೇಕು.

ಭಾರತದ ಸ್ಥಿತಿ ಇವೆರಡರಂತೆ ಇಲ್ಲ. ನಮ್ಮ ಗಡಿಗಳು ಎಚ್ಚರದಲ್ಲಿವೆ, ಸೇನೆ ನಿರಂತರವಾಗಿ ಕೆಲಸದಲ್ಲಿದೆ. ಆದರೂ ಅದೇ ಒತ್ತಡ ಇಲ್ಲಿಯೂ ಇದೆ ಎಂಬುದಕ್ಕೆ 2017ರ ಮಹಾಲೇಖಪಾಲರ ವರದಿ ಸಾಕ್ಷಿ. 152 ಬಗೆಯ ಮದ್ದುಗುಂಡುಗಳಲ್ಲಿ 61 ಬಗೆಗಳ ದಾಸ್ತಾನು ಹತ್ತು ದಿನಗಳ ತೀವ್ರ ಯುದ್ಧಕ್ಕೂ ಸಾಲದು ಎಂದು ಅದು ಹೇಳಿತು. ಅದಾದ ಮೇಲೆ ನೇರವಾಗಿ ಮದ್ದುಗುಂಡು ಖರೀದಿಸುವ ಅಧಿಕಾರವನ್ನು ಸೇನೆಯ ಉಪಮುಖ್ಯಸ್ಥರಿಗೆ ಕೊಡಲಾಯಿತು. 2024–25ರ ಬಜೆಟ್ಟಿನಲ್ಲಿ ರಕ್ಷಣೆಗೆ ಇಟ್ಟ 6.21 ಲಕ್ಷ ಕೋಟಿ ರೂಪಾಯಿಯಲ್ಲಿ 1.41 ಲಕ್ಷ ಕೋಟಿ ಪಿಂಚಣಿಗೆ ಹೋಯಿತು, ಹೊಸ ಸಾಮಗ್ರಿ ಮತ್ತಿತರ ಬಂಡವಾಳ ವೆಚ್ಚಕ್ಕೆ 1.72 ಲಕ್ಷ ಕೋಟಿ ಸಿಕ್ಕಿತು. ವಾಯುಪಡೆಗೆ ಮಂಜೂರಾದ ಯುದ್ಧವಿಮಾನ ಸ್ಕ್ವಾಡ್ರನ್‌ಗಳು 42; 2025ರ ಸೆಪ್ಟೆಂಬರಿನಲ್ಲಿ ಮಿಗ್-21 ನಿವೃತ್ತಿಯಾದ ಮೇಲೆ ಉಳಿದದ್ದು 29.

ಮಂಡ್ಯದ ಸರ್ ಎಂ.ವಿ. ಕ್ರೀಡಾಂಗಣದಲ್ಲಿ ಬೆಳಗ್ಗೆ ಬೆಳಕು ಹರಿಯುವ ಹೊತ್ತಿಗೆ ಸೇನಾ ಭರ್ತಿಯ 1.6 ಕಿಲೋಮೀಟರ್ ಓಟಕ್ಕೆ ತಾಲೀಮು ಮಾಡುವ ಹುಡುಗರಿಗೆ ಈ ಅಂಕಿಗಳು ದೂರದ ಮಾತಲ್ಲ. 2022ರ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷಗಳ ಸೇವೆಯ ನಂತರ ಶೇ. 25ರಷ್ಟು ಜನರನ್ನು ಮಾತ್ರ ಉಳಿಸಿಕೊಳ್ಳುವ ನಿಯಮ ಬಂದದ್ದು ಸೇನೆಯ ಸರಾಸರಿ ವಯಸ್ಸನ್ನು ಇಳಿಸುವುದಕ್ಕೆ ಎಂದು ಸರ್ಕಾರ ಹೇಳಿತು; ಪಿಂಚಣಿಯ ಹೊರೆ ಅದರ ಹಿಂದಿನ ಇನ್ನೊಂದು ಕಾರಣ ಎಂಬುದು ಬಲ್ಲವರ ಮಾತು. ದಕ್ಷಿಣ ಆಫ್ರಿಕಾದ ಬ್ಯಾರಕ್ಕುಗಳಲ್ಲಿ ವಯಸ್ಸಾದವರೇ ತುಂಬಿಕೊಂಡದ್ದನ್ನು ನೋಡಿದರೆ ಆ ಚಿಂತೆ ಸುಳ್ಳಲ್ಲ. ಹಾಗೆ ಉಳಿಸಿದ ಹಣ ತಾಲೀಮಿಗೂ ಬಿಡಿಭಾಗಕ್ಕೂ ಮದ್ದುಗುಂಡಿಗೂ ಹೋದರೆ ಆ ಹುಡುಗರು ಬಿಟ್ಟುಕೊಟ್ಟದ್ದಕ್ಕೆ ಅರ್ಥ ಬರುತ್ತದೆ. ಬೇರೆ ಬಾಬ್ತಿಗೆ ಹರಿದುಹೋದರೆ ಅವರ ಪಿಂಚಣಿಯೂ ಹೋಯಿತು, ಸೇನೆಯ ಬಲವೂ ಬೆಳೆಯಲಿಲ್ಲ ಎಂದಾಗುತ್ತದೆ. ಬಜೆಟ್ ಮಂಡನೆಯ ಮರುದಿನ ಒಟ್ಟು ಮೊತ್ತ ಎಷ್ಟು ಏರಿತು ಎಂಬ ದಪ್ಪಕ್ಷರದ ಸುದ್ದಿಯನ್ನು ಓದಿ ಸುಮ್ಮನಾಗದೆ, ಒಳಪುಟದಲ್ಲಿ ನಿರ್ವಹಣೆಯ ಸಾಲು ಎಲ್ಲಿದೆ ಎಂದು ಹುಡುಕುವ ಅಭ್ಯಾಸ ನಮಗೆ ಆಗಬೇಕು.

ಕೆಟ್ಟದ್ದನ್ನು ಸರಿಪಡಿಸಲು ಎಷ್ಟು ಕಾಲ ಬೇಕೆಂಬುದಕ್ಕೆ ದಕ್ಷಿಣ ಆಫ್ರಿಕಾವೇ ಲೆಕ್ಕ ಕೊಟ್ಟಿದೆ. ಮಾಜಿ ರಕ್ಷಣಾ ಸಚಿವ ರೋಲ್ಫ್ ಮೇಯರ್ ಅಧ್ಯಕ್ಷತೆಯ ಸಮಿತಿ ಸಿದ್ಧಪಡಿಸಿದ ರಕ್ಷಣಾ ಪರಾಮರ್ಶೆಯನ್ನು ಅಲ್ಲಿನ ಸಂಸತ್ತು 2015ರಲ್ಲಿ ಒಪ್ಪಿಕೊಂಡಿತು. ಸೇನೆ ಗಂಭೀರ ಕುಸಿತದ ಸ್ಥಿತಿಯಲ್ಲಿದೆ ಎಂದು ಆ ವರದಿ ಮುಚ್ಚುಮರೆಯಿಲ್ಲದೆ ಹೇಳಿತ್ತು. ಬಲಾಬಲಗಳ ಅಸಮತೋಲ, ಒಂದೇ ಕಾಲಕ್ಕೆ ಹಳತಾಗುತ್ತಿರುವ ಶಸ್ತ್ರಗಳು, ಅವುಗಳನ್ನು ಸಾಕಲಾಗದ ಆದಾಯ, ಎಲ್ಲವನ್ನೂ ಅದು ಎಣಿಸಿ ಇಟ್ಟಿತ್ತು. ತಕ್ಷಣ ಹಣ ಒದಗಿಸಿ ಕೈಹಾಕಿದರೂ ಕುಸಿತವನ್ನು ತಡೆಯುವುದಕ್ಕೇ ಕನಿಷ್ಠ ಐದು ವರ್ಷ, ಆಮೇಲೆ ಸೀಮಿತವಾದರೂ ಬಾಳುವಂಥ ಸಾಮರ್ಥ್ಯ ಕಟ್ಟಿಕೊಳ್ಳಲು ಇನ್ನೂ ಐದು ವರ್ಷ ಬೇಕೆಂದು ಅದರ ಅಂದಾಜು. ಜಲಾಂತರ್ಗಾಮಿಯ ಕಪ್ತಾನನೊಬ್ಬ ತಯಾರಾಗಲು ಹದಿನೈದು ವರ್ಷಗಳ ಸೇವೆ ಬೇಕಾಗುವಲ್ಲಿ ಹತ್ತು ವರ್ಷದ ಅಂದಾಜು ಉದಾರವಾದದ್ದೇ. ಸಂಸತ್ತು ಒಪ್ಪಿದ ವರ್ಷವೇ ಹಣ ಬಿಡುಗಡೆಯಾಗಿದ್ದರೆ ಆ ಹತ್ತು ವರ್ಷ 2025ಕ್ಕೆ, ಗೋಮಾದಲ್ಲಿ ಆ ತುಕಡಿ ನೆರವಿಗಾಗಿ ಕಾದ ವರ್ಷಕ್ಕೆ, ಮುಗಿಯುತ್ತಿತ್ತು. ಈ ನಡುವೆ ಜಿಡಿಪಿಯಲ್ಲಿ ರಕ್ಷಣೆಯ ಪಾಲು ಏರುವ ಬದಲು ಇನ್ನಷ್ಟು ಇಳಿಯಿತು, ಪರಾಮರ್ಶೆ ಕೇಳಿದ್ದ ಮೊದಲ ಐದು ವರ್ಷದ ಎಣಿಕೆ ಇನ್ನೂ ಶುರುವಾಗಿಲ್ಲ.